ಹಳೇ ಏರ್ ಕ್ಯಾಂಪರ್ ಕೊಂಡಿದ್ದೀರಾ? ಬಟ್ಟೆ ಹೊದಿಕೆಯ ವಿಮಾನ ರಿಪೇರಿಗೆ ಒಂದು ಮಾರ್ಗದರ್ಶಿ

"ರೈತರ ಕೊಟ್ಟಿಗೆ (ಬಾರ್ನ್) ಒಂದರಲ್ಲಿ ಇಪ್ಪತ್ತು ವರ್ಷದಿಂದ ನಿಂತಿರೋ ಏರ್ ಕ್ಯಾಂಪರ್ ಕಡಿಮೆ ರೇಟಿಗೆ ಸಿಕ್ತಿದೆ. ಬಟ್ಟೆ ಮಾತ್ರ ಹಳೇದು. ಹೊಸ ಬಟ್ಟೆ ಹಾಕಿದ್ರೆ ಹಾರಿಸಬಹುದು ಅಲ್ವಾ?"

ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಈ ಪ್ರಶ್ನೆಯನ್ನು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು. ಹಾರಿಸಬಹುದು, ನಿಜ. ಆದರೆ "ಬಟ್ಟೆ ಮಾತ್ರ" ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಬಟ್ಟೆ ಹಾಕುವುದು ಕೊನೆಯ ಕೆಲಸ. ವಿಮಾನ ಇರುವುದು ಅದರ ಕೆಳಗೆ. ನೀವು ದುಡ್ಡು ಕೊಡುತ್ತಿರುವುದು ಕಣ್ಣಿಗೆ ಕಾಣದ ಆ ವಸ್ತುವಿಗೆ.

ಏರ್ ಕ್ಯಾಂಪರ್ ಗೊತ್ತಿಲ್ಲದವರಿಗೆ ಎರಡು ಮಾತು. ಮಿನೆಸೋಟಾದ ಚೆರಿ ಗ್ರೋವ್ ಅನ್ನುವ ಪುಟ್ಟ ಊರಿನ ಬರ್ನಾರ್ಡ್ ಪೀಟೆನ್‌ಪೋಲ್ 1920ರ ದಶಕದ ಕೊನೆಯಲ್ಲಿ ಮಾಡಿದ ಇಬ್ಬರು ಕೂರುವ ವಿಮಾನ ಇದು. ಮರದ ಚೌಕಟ್ಟು, ಮೇಲೆ ಬಟ್ಟೆ, ಮುಂದೆ ಫೋರ್ಡ್ ಮಾಡೆಲ್ ಎ ಕಾರಿನ ಇಂಜಿನ್ನು. ರೆಕ್ಕೆ ಒಡಲಿಗೆ ಅಂಟಿಕೊಂಡಿಲ್ಲ, ಕೊಡೆಯ ಹಾಗೆ ಕಂಬಗಳ ಮೇಲೆ ನಿಂತಿದೆ. 1932ರಲ್ಲಿ ಇದರ ನಕ್ಷೆ ಒಂದು ಪತ್ರಿಕೆಯ ಕೈಪಿಡಿಯಲ್ಲಿ ಅಚ್ಚಾಯಿತು. ಅವತ್ತಿನಿಂದ ಜನ ಮನೆಯಲ್ಲೇ ಇದನ್ನು ಕಟ್ಟುತ್ತಾ ಬಂದಿದ್ದಾರೆ. ಜಕ್ಕೂರಿನಲ್ಲಿ ಹಿಂದೆ ಪುಷ್ಪಕ್ ನೋಡಿದವರಿಗೆ ಬಟ್ಟೆಯ ವಿಮಾನ ಹೊಸದೇನಲ್ಲ. 1958ರಲ್ಲಿ ಮೊದಲ ಸಲ ಹಾರಿದ ಎಚ್‌ಎಎಲ್‌ನ ಆ ವಿಮಾನಕ್ಕೂ ಬಟ್ಟೆಯದೇ ಹೊದಿಕೆ. ಆದರೆ ಅದು ಫ್ಯಾಕ್ಟರಿಯಲ್ಲಿ ಆದದ್ದು. ಏರ್ ಕ್ಯಾಂಪರ್ ಯಾರದೋ ಗ್ಯಾರೇಜಿನಲ್ಲಿ ಆದದ್ದು. ಕಟ್ಟಿದವನ ಕೈಗುಣ ಹೇಗಿತ್ತೋ ವಿಮಾನವೂ ಹಾಗೆ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ಇಲ್ಲಿ ಹೇಳುವ ಕಾನೂನೆಲ್ಲ ಅಮೆರಿಕದ್ದು. ಊರಿಗೆ ತಗೊಂಡು ಹೋಗಿ ಹಾರಿಸುವ ಯೋಚನೆ ಇದ್ದರೆ ಅದು ಬೇರೆಯದೇ ಕತೆ.

ಹಂತ 1: ಅಡ್ವಾನ್ಸ್ ಕೊಡುವ ಮುಂಚೆ ಕಾಗದ ನೋಡಿ

ಮೊದಲನೆಯದು ನಿಮ್ಮದೇ ಕಾಗದ. ಅಮೆರಿಕದಲ್ಲಿ ವಿಮಾನವನ್ನು ಸ್ವಂತ ಹೆಸರಿಗೆ ನೋಂದಾಯಿಸಲು ನೀವು ಅಲ್ಲಿನ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿ ವೀಸಾದಲ್ಲಿ ಇರುವವರ ಹೆಸರಿಗೆ ಆಗುವುದಿಲ್ಲ. ಟ್ರಸ್ಟ್ ಮೂಲಕ ಮಾಡುವ ದಾರಿ ಇದೆ, ಆದರೆ ಅದಕ್ಕೆ ಈ ವಿಷಯ ತಿಳಿದ ವಕೀಲರನ್ನೇ ಕೇಳಿ. ಪೈಲಟ್ ತರಬೇತಿ ಇನ್ನೂ ಆಗಿಲ್ಲ, ಅಮೆರಿಕದ ಪ್ರಜೆಯೂ ಅಲ್ಲ ಅಂದರೆ, ತರಬೇತಿಗೆ ಮುಂಚೆ ಟಿಎಸ್‌ಎ, ಅಂದರೆ ಅಮೆರಿಕದ ಸಾರಿಗೆ ಭದ್ರತಾ ಇಲಾಖೆ, ಅಲ್ಲಿಂದ ಭದ್ರತಾ ಅನುಮತಿಯೂ ಬೇಕು. ಎಷ್ಟೋ ಜನ ವಿಮಾನವನ್ನು ಟ್ರೇಲರ್ ಮೇಲೆ ಏರಿಸಿದ ಮೇಲೆ ಇದನ್ನು ತಿಳಿದುಕೊಳ್ಳುತ್ತಾರೆ.

ಇನ್ನು ವಿಮಾನದ ಕಾಗದ. ಮನೆಯಲ್ಲಿ ಕಟ್ಟಿದ ವಿಮಾನಗಳು "ಎಕ್ಸ್‌ಪೆರಿಮೆಂಟಲ್ ಅಮೆಚೂರ್-ಬಿಲ್ಟ್" ಅನ್ನುವ ವರ್ಗಕ್ಕೆ ಸೇರುತ್ತವೆ. ನೀವು ನೋಡಬೇಕಾದ್ದು ಇವು:

ಏರ್‌ವರ್ದಿನೆಸ್ ಸರ್ಟಿಫಿಕೇಟ್, ಅಂದರೆ ಹಾರಲು ಯೋಗ್ಯ ಅನ್ನುವ ಪತ್ರ. ಇದು ವಿಮಾನದ ಜೊತೆಗೇ ಬರಬೇಕು.

ಆಪರೇಟಿಂಗ್ ಲಿಮಿಟೇಷನ್ಸ್, ಅಂದರೆ ಈ ವಿಮಾನವನ್ನು ಹೇಗೆ, ಯಾವ ಷರತ್ತಿನ ಮೇಲೆ ಹಾರಿಸಬಹುದು ಅನ್ನುವ ಪಟ್ಟಿ. ಎಲ್ಲಕ್ಕಿಂತ ಮುಖ್ಯವಾದ ಕಾಗದ ಇದೇ. ಮುಂದೆ ಏನೇ ಬದಲಾವಣೆ ಮಾಡಿದರೂ ಉತ್ತರ ಇದರಲ್ಲೇ ಇರುತ್ತದೆ.

ಹಾರಾಟ, ರಿಪೇರಿಗಳನ್ನು ಬರೆದಿಡುವ ಲಾಗ್ ಪುಸ್ತಕಗಳು, ತೂಕದ ಲೆಕ್ಕ, ವಿಮಾನಕ್ಕೆ ಬಡಿದಿರುವ ಡೇಟಾ ಪ್ಲೇಟ್. ಪ್ಲೇಟ್ ಮೇಲಿನ ಸೀರಿಯಲ್ ನಂಬರ್ ಕಾಗದದ ನಂಬರಿಗೆ ಹೊಂದಬೇಕು.

ಯಾವುದಾದರೂ ಕಳೆದಿದ್ದರೆ ಎಫ್‌ಎಎ, ಅಂದರೆ ಅಮೆರಿಕದ ವಿಮಾನಯಾನ ಇಲಾಖೆ, ಅಲ್ಲಿಂದ ಆ ವಿಮಾನದ ಪೂರ್ತಿ ಕಡತವನ್ನು ಸ್ವಲ್ಪ ದುಡ್ಡು ಕಟ್ಟಿ ತರಿಸಿಕೊಳ್ಳಬಹುದು. ಕೊಳ್ಳುವ ಮುಂಚೆಯೇ ತರಿಸಿ.

ಇಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಒಂದು: "ನಾನೇ ರಿಪೇರಿ ಮಾಡಿದ್ರೆ ರಿಪೇರ್‌ಮನ್ ಸರ್ಟಿಫಿಕೇಟ್ ನನಗೆ ಸಿಗುತ್ತೆ." ಸಿಗುವುದಿಲ್ಲ. ವರ್ಷದ ತಪಾಸಣೆಗೆ ಸಹಿ ಹಾಕುವ ಅಧಿಕಾರ ಕೊಡುವ ಆ ಪತ್ರ ವಿಮಾನವನ್ನು ಮೊದಲು ಕಟ್ಟಿದವರಿಗೆ ಕೊಡುವಂಥದ್ದು, ರಿಪೇರಿ ಮಾಡಿದವರಿಗಲ್ಲ. ಎರಡನೆಯದು ಇದರ ಉಲ್ಟಾ: "ಮೆಕ್ಯಾನಿಕ್ ಅಲ್ಲದವರು ಕೈ ಹಾಕುವ ಹಾಗೇ ಇಲ್ಲ." ಈ ವರ್ಗದ ವಿಮಾನದ ಮೇಲೆ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಆದರೆ ವರ್ಷಕ್ಕೊಮ್ಮೆ ಮಾಡಲೇಬೇಕಾದ ಕಂಡಿಷನ್ ಇನ್‌ಸ್ಪೆಕ್ಷನ್‌ಗೆ ಸಹಿ ಹಾಕುವುದು ಸಾಮಾನ್ಯವಾಗಿ ಎ ಅಂಡ್ ಪಿ ಮೆಕ್ಯಾನಿಕ್, ಅಂದರೆ ಚೌಕಟ್ಟು ಮತ್ತು ಇಂಜಿನ್ ಎರಡಕ್ಕೂ ಲೈಸೆನ್ಸ್ ಇರುವವರು. ಆದ್ದರಿಂದ ಸಹಿ ಹಾಕುವವರನ್ನು ಮೊದಲೇ ಹುಡುಕಿ. ಬಟ್ಟೆ ಮುಚ್ಚುವ ಮುಂಚೆ ಬಂದು ಒಳಗೆ ನೋಡಲು ಅವರು ಒಪ್ಪಬೇಕು. ಎಲ್ಲ ಮುಚ್ಚಿದ ಮೇಲೆ ಕರೆದರೆ, ಒಳ್ಳೆಯ ಮೆಕ್ಯಾನಿಕ್ ಆದರೆ ಸಹಿ ಹಾಕುವುದಿಲ್ಲ. ಹಾಕಿದರೆ ಅವರು ಒಳ್ಳೆಯ ಮೆಕ್ಯಾನಿಕ್ ಅಲ್ಲ.

ಹಂತ 2: ಜಾಗ, ಬೆಂಕಿಯ ಅಪಾಯ

ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 29 ಅಡಿ. ಕೆಲವು ಏರ್ ಕ್ಯಾಂಪರ್‌ಗಳ ರೆಕ್ಕೆ ಒಂದೇ ತುಂಡು, ಕೆಲವದು ಮೂರು ತುಂಡು. ಮೂರು ತುಂಡಿನದಾದರೆ ಎರಡು ಕಾರಿನ ಗ್ಯಾರೇಜ್ ಸಾಕು. ಒಂದೇ ತುಂಡಿನದಾದರೆ ಟೇಪು ಹಿಡಿದು ಅಳೆದು, ಬಾಗಿಲಲ್ಲಿ ತಿರುಗುತ್ತದಾ ಅಂತಲೂ ನೋಡಿ.

ಗ್ಯಾರೇಜಿನಲ್ಲಿ ಗ್ಯಾಸ್ ವಾಟರ್ ಹೀಟರ್ ಇದೆಯಾ? ಅದರ ಕೆಳಗೆ ಸಣ್ಣ ಪೈಲಟ್ ಜ್ವಾಲೆ ಯಾವಾಗಲೂ ಉರಿಯುತ್ತಿರುತ್ತದೆ. ಬಟ್ಟೆಯ ಅಂಟು, ಥಿನ್ನರ್‌ಗಳ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದುಕೊಂಡು ನೇರ ಅಲ್ಲಿಗೇ ಹೋಗುತ್ತದೆ. ಅಂಟಿನ ಡಬ್ಬ ತೆರೆಯುವ ದಿನ ಆ ಜ್ವಾಲೆ ಆರಿಸಿರಲೇಬೇಕು. ಗ್ಯಾರೇಜ್ ಮನೆಗೆ ಅಂಟಿಕೊಂಡಿದ್ದರೆ ಬಣ್ಣ ಹೊಡೆಯುವ ಕೆಲಸವನ್ನು ಹ್ಯಾಂಗರ್‌ಗೆ, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿಗೆ, ತಗೊಂಡು ಹೋಗಿ.

ಹಂತ 3: ಬಿಚ್ಚುವ ಮುಂಚೆ ಅಳತೆ, ತೂಕ, ಫೋಟೋ

ಕತ್ತರಿ ಹಿಡಿಯಲು ಕೈ ತುರಿಸುತ್ತಿರುತ್ತದೆ, ಗೊತ್ತು. ಒಂದು ವಾರ ತಡೆಯಿರಿ.

ವಿಮಾನ ಇನ್ನೂ ಜೋಡಿಸಿದ ಸ್ಥಿತಿಯಲ್ಲೇ ಇದ್ದರೆ ಮೊದಲು ತೂಗಿ. ಲಾಗ್ ಪುಸ್ತಕದಲ್ಲಿ ಇರುವ ಹಳೇ ತೂಕವನ್ನು ನಂಬಬೇಡಿ. ಆಮೇಲೆ ರೆಕ್ಕೆಯ ಕೋನ, ತುದಿಗಳು ಎಷ್ಟು ಮೇಲೆದ್ದಿವೆ, ಕಂಬಗಳ ಉದ್ದ, ಕೇಬಲ್ಲುಗಳ ಬಿಗಿ, ಪೈಲಟ್ ಹಿಡಿಯುವ ಕೋಲಾದ ಸ್ಟಿಕ್ಕನ್ನೂ ಕಾಲಿನಿಂದ ಒತ್ತುವ ರಡ್ಡರ್ ಪೆಡಲನ್ನೂ ಪೂರ್ತಿ ಆಡಿಸಿದಾಗ ಏಲೆರಾನ್, ಎಲಿವೇಟರ್, ರಡ್ಡರ್ ಎಷ್ಟೆಷ್ಟು ಡಿಗ್ರಿ ಆಡುತ್ತವೆ, ಎಲ್ಲ ಬರೆದುಕೊಳ್ಳಿ. ಏಲೆರಾನ್ ಅಂದರೆ ರೆಕ್ಕೆ ತುದಿಯಲ್ಲಿ ಮೇಲೆ ಕೆಳಗೆ ಆಡುವ ಬಾಗಿಲು. ಎಲಿವೇಟರ್, ರಡ್ಡರ್ ಬಾಲದಲ್ಲಿ ಇರುವಂಥವು.

ಬಟ್ಟೆಯನ್ನು ಹರಿಯಬೇಡಿ, ಬಿಡಿಸಿ. ದೊಡ್ಡ ತುಂಡುಗಳಾಗಿ ತೆಗೆದು, ಯಾವುದು ಎಲ್ಲಿಯದು ಅಂತ ಬರೆದು ಸುತ್ತಿಡಿ. ತಪಾಸಣೆಯ ಕಿಂಡಿ ಎಲ್ಲಿತ್ತು, ಕೇಬಲ್ ಎಲ್ಲಿಂದ ಹೊರಬರುತ್ತಿತ್ತು, ಹೊಲಿಗೆ ಎಷ್ಟೆಷ್ಟು ದೂರಕ್ಕೆ ಇತ್ತು ಅನ್ನುವುದಕ್ಕೆಲ್ಲ ಆ ಹಳೇ ಬಟ್ಟೆಯೇ ನಿಮ್ಮ ನಕ್ಷೆ. ವಿಮಾನ ಮತ್ತೆ ಹಾರುವವರೆಗೂ ಎಸೆಯಬೇಡಿ.

ರೆಕ್ಕೆಯೊಳಗೆ ಇಲಿ ಗೂಡು ಸಿಗುವುದು ಬಹುತೇಕ ಖಾತ್ರಿ. ಒಣಗಿದ ಗೂಡನ್ನು ಗುಡಿಸಬೇಡಿ, ಧೂಳು ಎಬ್ಬಿಸಬೇಡಿ. ಇಲಿಯ ಹಿಕ್ಕೆಯಿಂದ ಹಂಟಾ ವೈರಸ್ ಹರಡುವ ಅಪಾಯ ಇದೆ. ಮಾಸ್ಕ್, ಗ್ಲೌಸ್ ಹಾಕಿ, ಬ್ಲೀಚ್ ನೀರು ಸಿಂಪಡಿಸಿ ನೆನೆಸಿ, ಆಮೇಲೆ ಎತ್ತಿ. ಗೂಡಿದ್ದ ಜಾಗವನ್ನು ಗುರುತು ಹಾಕಿಕೊಳ್ಳಿ. ಇಲಿ ಮೂತ್ರ ಬಿದ್ದ ಕಡೆ ಮರ ಕಪ್ಪಾಗಿರುತ್ತದೆ, ಕಬ್ಬಿಣ ತಿಂದುಹೋಗಿರುತ್ತದೆ.

"ಬಟ್ಟೆ ಇನ್ನೂ ಗಟ್ಟಿಯಾಗಿದೆ, ಬಿಚ್ಚಲೇಬೇಕಾ?" ಇದೂ ಪದೇ ಪದೇ ಬರುವ ಪ್ರಶ್ನೆ. ಬಟ್ಟೆಯ ಶಕ್ತಿ ಪರೀಕ್ಷಿಸಲು ಒತ್ತಿ ನೋಡುವ ಮೌಲ್ ಟೆಸ್ಟರ್ ಅನ್ನುವ ಸಾಧನ ಇದೆ. ಇಂಥ ನಿಧಾನದ, ಹಗುರ ವಿಮಾನಕ್ಕೆ ಒಂದಿಂಚು ಅಗಲದ ಬಟ್ಟೆ ಕನಿಷ್ಠ 46 ಪೌಂಡ್ ಎಳೆತ ತಡೆಯಬೇಕು ಅನ್ನುವುದು ಎಫ್‌ಎಎ ಕೈಪಿಡಿಯ ಲೆಕ್ಕ. ಇತಿಹಾಸ ಗೊತ್ತಿರುವ ವಿಮಾನವಾದರೆ ಈ ಪರೀಕ್ಷೆ ಸಾಕು. ಇಪ್ಪತ್ತು ವರ್ಷ ಬಾರ್ನ್‌ನಲ್ಲಿದ್ದ ಮರದ ವಿಮಾನವಾದರೆ, ಬಟ್ಟೆ ಪಾಸಾದರೂ ನಾನು ಬಿಚ್ಚುತ್ತೇನೆ. ನನಗೆ ಚಿಂತೆ ಬಟ್ಟೆಯದಲ್ಲ.

ಹಂತ 4: ಮರ ನೋಡುವುದು

ಇಲ್ಲಿ ಅವಸರ ಮಾಡಬೇಡಿ. ಇಡೀ ರಿಪೇರಿಯಲ್ಲಿ ಜಾಸ್ತಿ ಸಮಯ ಕೊಡಬೇಕಾದ ಜಾಗ ಇದು.

ಭಾಗಗಳ ಹೆಸರು ತಿಳಿದಿರಲಿ. ಸ್ಪಾರ್ ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ. ಮುಂದೊಂದು, ಹಿಂದೊಂದು ಇರುತ್ತದೆ. ರಿಬ್ ಅಂದರೆ ಅದರ ಮೇಲೆ ಅಡ್ಡಡ್ಡ ಕೂರುವ ಪಕ್ಕೆಲುಬು, ರೆಕ್ಕೆಗೆ ಉಬ್ಬು ಕೊಡುವಂಥದ್ದು. ಲಾಂಜೆರಾನ್ ಅಂದರೆ ಒಡಲಿನ ನಾಲ್ಕು ಮೂಲೆಗಳಲ್ಲಿ ಮೂಗಿನಿಂದ ಬಾಲದವರೆಗೆ ಓಡುವ ಕೋಲು. ಮರ ಸಾಮಾನ್ಯವಾಗಿ ಸ್ಪ್ರೂಸ್. ಹಗುರ, ನೇರ ಎಳೆಯ ಮರ.

ನೀರು ಎಲ್ಲಿ ನಿಲ್ಲುತ್ತದೆ ಅಂತ ಮೊದಲು ಯೋಚಿಸಿ. ಈ ವಿಮಾನ ಬಾಲ ಊರಿ ನಿಲ್ಲುತ್ತದೆ. ಹಾಗಾಗಿ ಒಳಗೆ ಹೋದ ಹನಿಯೆಲ್ಲ ಹಿಂದಕ್ಕೆ ಹರಿದು ಬಾಲದ ಮೂಲೆಯಲ್ಲಿ, ಕೆಳಗಿನ ಲಾಂಜೆರಾನ್ ಕೊನೆಯಲ್ಲಿ, ರೆಕ್ಕೆಯ ಹಿಂದಂಚಿನಲ್ಲಿ ಸೇರುತ್ತದೆ. ಅಲ್ಲಿಂದ ಶುರು ಮಾಡಿ. ಸಣ್ಣ ಚಾಕುವಿನ ಮೊನೆಯಿಂದ ಮೆಲ್ಲಗೆ ಚುಚ್ಚಿ ನೋಡಿ. ಒಳ್ಳೆಯ ಮರ ಮೊನೆಯನ್ನು ಹಿಡಿದುಕೊಳ್ಳುತ್ತದೆ. ಚೂರು ಎತ್ತಿದರೆ ಉದ್ದ ಸಿಬರು ಏಳುತ್ತದೆ. ಕೊಳೆತ ಮರಕ್ಕೆ ಮೊನೆ ಸುಮ್ನೆ ಇಳಿಯುತ್ತದೆ, ಎತ್ತಿದರೆ ರಸ್ಕಿನ ಹಾಗೆ ತುಂಡು ತುಂಡಾಗಿ ಮುರಿಯುತ್ತದೆ.

ಪ್ಲೈವುಡ್ ಭಾಗಗಳನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಅಂಗಡಿಯಲ್ಲಿ ತೆಂಗಿನಕಾಯಿ ತಟ್ಟಿ ನೋಡಿದವರ ಕಿವಿಗೆ ಇದು ಬೇಗ ಹಿಡಿಸುತ್ತದೆ. ಟಕ್ ಟಕ್ ಅಂತ ಬರುತ್ತಿದ್ದ ಸದ್ದು ಒಂದು ಕಡೆ ಬೊದ್ದು ಅಂದರೆ ಅಲ್ಲಿ ಪದರ ಬಿಟ್ಟಿದೆ.

ಸ್ಪಾರ್ ನೋಡುವಾಗ ಬಲವಾದ ಟಾರ್ಚನ್ನು ಮರಕ್ಕೆ ಒರಗಿಸಿ, ಬೆಳಕು ಮೇಲ್ಮೈ ಮೇಲೆ ಅಡ್ಡ ಹರಿಯುವ ಹಾಗೆ ಹಿಡಿಯಿರಿ. ನೀವು ಹುಡುಕುತ್ತಿರುವುದು ಕಂಪ್ರೆಷನ್ ಕ್ರ್ಯಾಕ್. ಉದ್ದಕ್ಕೆ ಸೀಳಿದ ಬಿರುಕಲ್ಲ ಅದು. ಎಳೆಗೆ ಅಡ್ಡವಾಗಿ ಕೂದಲಿನಷ್ಟು ತೆಳ್ಳಗೆ, ಮಡಿಸಿದ ಕಾಗದದ ಗೆರೆಯ ಹಾಗೆ ಕಾಣುತ್ತದೆ. ಯಾವತ್ತೋ ರೆಕ್ಕೆಯ ತುದಿ ನೆಲಕ್ಕೆ ಬಡಿದಿದ್ದರೆ ಇಂಥದು ಹುಟ್ಟುತ್ತದೆ. ಕಂಬಗಳು ಸ್ಪಾರ್‌ಗೆ ಸೇರುವ ಜಾಗ, ಬೋಲ್ಟ್ ತೂತುಗಳ ಸುತ್ತ, ಬಲ ಕೊಡಲು ಅಂಟಿಸಿದ ಪ್ಲೈವುಡ್ ಮುಗಿಯುವ ಅಂಚು, ಈ ಮೂರು ಕಡೆ ಎರಡೆರಡು ಸಲ ನೋಡಿ. ಬೋಲ್ಟ್ ಸುತ್ತ ಮರ ಕಪ್ಪು ನೀಲಿಯಾಗಿದ್ದರೆ ತುಕ್ಕು, ತೇವ ಎರಡೂ ಸೇರಿವೆ ಅಂತ. ಕಂಪ್ರೆಷನ್ ಕ್ರ್ಯಾಕ್ ಇರುವ ಸ್ಪಾರ್ ಬದಲಾಯಿಸುವುದೇ. ಅಂಟು ತುಂಬಿ ಸರಿಮಾಡುವ ಮಾತೇ ಇಲ್ಲ.

ಅಂಟು ಯಾವುದು ಅಂತ ಪತ್ತೆ ಮಾಡಿ. ಹಳೇ ವಿಮಾನಗಳಲ್ಲಿ ಹಾಲಿನ ಪ್ರೋಟೀನಿನಿಂದ ಮಾಡಿದ ಕೇಸೀನ್ ಅಂಟು ಇರುತ್ತದೆ. ಅದಕ್ಕೆ ತೇವ ತಾಗಿದರೆ ಬೂಸ್ಟು ಹಿಡಿದು ಪುಡಿಯಾಗುತ್ತದೆ. ಇತ್ತೀಚಿನವುಗಳಲ್ಲಿ ಎರಡು ಭಾಗ ಕಲಸಿ ಹಾಕುವ ಎಪಾಕ್ಸಿ. ಬೇಡದ ಒಂದು ಜೋಡಣೆಯನ್ನು ಬೇಕೆಂದೇ ಮುರಿದು ನೋಡಿ. ಮರ ಹರಿದು ಬಂದರೆ ಅಂಟು ಚೆನ್ನಾಗಿದೆ. ಎರಡೂ ಮೇಲ್ಮೈ ನಯವಾಗಿ ಬಿಟ್ಟುಕೊಂಡರೆ ಆ ವಿಮಾನದ ಯಾವ ಜೋಡಣೆಯನ್ನೂ ನಂಬಬೇಡಿ.

ಹೊಸ ಮರ ಸೇರಿಸುವಾಗ ಸ್ಕಾರ್ಫ್ ಜಾಯಿಂಟ್ ಬೇಕು. ಎರಡೂ ತುಂಡುಗಳನ್ನು ಓರೆಯಾಗಿ ಸೀಳಿ ಒಂದರ ಮೇಲೊಂದು ಕೂರಿಸಿ ಅಂಟಿಸುವುದು. ಓರೆ 12ಕ್ಕೆ 1 ಇರಲಿ: ಒಂದಿಂಚು ದಪ್ಪದ ಮರಕ್ಕೆ 12 ಇಂಚು ಉದ್ದದ ಓರೆ. ಮೊಂಡಾದ ಓರೆ ನೋಡಲು ಚೆಂದ, ಆದರೆ ನಿಲ್ಲುವುದಿಲ್ಲ.

ಹೊಸಬರು ಇಲ್ಲಿ ಎಡವುವುದು ಕ್ಲಾಂಪ್ ವಿಷಯದಲ್ಲಿ. ಜಾಸ್ತಿ ಬಿಗಿದರೆ ಎಪಾಕ್ಸಿ ಪೂರ್ತಿ ಹೊರಗೆ ಹಿಂಡಿಕೊಂಡು ಹೋಗುತ್ತದೆ, ಒಳಗೆ ಅಂಟೇ ಉಳಿಯುವುದಿಲ್ಲ. ಮರಗಳು ತಾಗಿ ಕೂತರೆ ಸಾಕು. ಇನ್ನೊಂದು, ಪ್ರತಿ ಸಲ ಅಂಟು ಕಲಸಿದಾಗಲೂ ಎರಡು ಚೂರು ಮರವನ್ನು ಅದೇ ಅಂಟಿನಿಂದ ಅಂಟಿಸಿ ದಿನಾಂಕ ಬರೆದಿಡಿ. ಒಣಗಿದ ಮೇಲೆ ಸುತ್ತಿಗೆಯಿಂದ ಒಡೆಯಿರಿ. ಕಲಸುವುದರಲ್ಲಿ ತಪ್ಪಾಗಿದ್ದರೆ ಆ ಚೂರೇ ಹೇಳುತ್ತದೆ.

ಕೊನೆಗೆ ವಾರ್ನಿಶ್. ಅಂಗಡಿಯಲ್ಲಿ ಸಿಗುವ ಮಾಮೂಲು ವಾರ್ನಿಶ್ ಬಳಿದರೆ ಬಟ್ಟೆಯ ಅಂಟು ಅದನ್ನು ಕರಗಿಸಿ ಎತ್ತಿಬಿಡುತ್ತದೆ. ಬಟ್ಟೆ ತಾಗುವ ಕಡೆಯೆಲ್ಲ ಎರಡು ಭಾಗ ಕಲಸುವ ಎಪಾಕ್ಸಿ ವಾರ್ನಿಶ್ಶೇ ಬೇಕು. ಇನ್ನೂ ಅಂಟು ಹಾಕಬೇಕಾದ ಜಾಗಕ್ಕೆ ಯಾವ ವಾರ್ನಿಶ್ಶೂ ಬೇಡ.

ಹಂತ 5: ಲೋಹದ ಭಾಗಗಳು

ಇದು ಸುಲಭ, ಏಕೆಂದರೆ ಅನುಮಾನ ಬಂದರೆ ಬದಲಾಯಿಸುವುದು. ಬೋಲ್ಟುಗಳು ಎಎನ್ ದರ್ಜೆಯವೇ, ಅಂದರೆ ವಿಮಾನಕ್ಕೆಂದೇ ಮಾಡಿದವೇ, ಇರಬೇಕು. ಸ್ಟೀಲ್ ಎಎನ್ ಬೋಲ್ಟಿನ ತಲೆಯ ಮೇಲೆ ನಕ್ಷತ್ರದಂಥ ಉಬ್ಬು ಗುರುತು ಇರುತ್ತದೆ. ಬೋಳು ತಲೆಯ, ಹಾರ್ಡ್‌ವೇರ್ ಅಂಗಡಿಯ ಬೋಲ್ಟು ಕಂಡರೆ ತೆಗೆದು ಎಸೆಯಿರಿ. ಜೊತೆಗೆ ಹಿಂದಿನವರು ಇನ್ನೂ ಏನೇನು ಉಳಿತಾಯ ಮಾಡಿರಬಹುದು ಅಂತ ಹುಡುಕಿ. ತಿರುಗುವ, ಕೀಲಿನಂತೆ ಆಡುವ ಬೋಲ್ಟಿಗೆ ನೈಲಾನ್ ಲಾಕ್ ನಟ್ ಸಾಲದು. ಕೋಟೆಯ ಕೊತ್ತಲಿನ ಹಾಗೆ ಕಚ್ಚು ಇರುವ ಕ್ಯಾಸಲ್ ನಟ್ ಹಾಕಿ, ಪಿನ್ ತೂರಿಸಿ ಮಡಿಸಬೇಕು.

ಕೇಬಲ್ ಮೇಲೆ ಹಳೇ ಹತ್ತಿ ಬಟ್ಟೆ ಸವರಿಕೊಂಡು ಹೋಗಿ. ಎಳೆ ಸಿಕ್ಕಿಕೊಂಡ ಕಡೆ ತಂತಿ ಮುರಿದಿದೆ. ರಾಟೆಯ ಮೇಲೆ ಬಾಗುವ ಜಾಗಗಳನ್ನು ಬಿಡಬೇಡಿ. ಬರಿಗೈಯಲ್ಲಿ ಮಾತ್ರ ಸವರಬೇಡಿ, ಕೈ ಸೀಳುತ್ತದೆ.

ಹಂತ 6: ಬದಲಾವಣೆ ಏನಿದ್ದರೂ ಈಗಲೇ

ಬ್ರೇಕ್, ಬಾಲದ ಚಕ್ರ, ಭುಜದ ಬೆಲ್ಟು, ಬೇರೆ ಇಂಜಿನ್ನು, ಏನೇ ಬದಲಿಸುವುದಿದ್ದರೂ ಚೌಕಟ್ಟು ಬರಿಮೈಯಲ್ಲಿ ಇರುವಾಗಲೇ ಮಾಡಿ. ಭುಜದ ಬೆಲ್ಟು ಇಲ್ಲದಿದ್ದರೆ ಅದೊಂದನ್ನಂತೂ ಹಾಕಿಸಲೇಬೇಕು. ಬೆಲ್ಟನ್ನು ಸೀಟಿಗಲ್ಲ, ಮುಖ್ಯ ಚೌಕಟ್ಟಿಗೆ ಕಟ್ಟಬೇಕು.

ಮಿಕ್ಕ ಎಲ್ಲದಕ್ಕೂ ತೂಕದ ಲೆಕ್ಕ. ವಿಮಾನವನ್ನು ಒಂದು ಏತ ಅಂದುಕೊಳ್ಳಿ. ನಡುವಿನ ಆಧಾರ ರೆಕ್ಕೆಯ ಹತ್ತಿರ ಇದೆ. ಬಾಲದ ತುದಿಗೆ 5 ಪೌಂಡಿನ ಚಕ್ರ ಹಾಕಿದಿರಿ, ಅದು ಆಧಾರದಿಂದ 12 ಅಡಿ ಹಿಂದೆ ಇದೆ ಅಂತ ಇಟ್ಟುಕೊಳ್ಳಿ. 5 ಗುಣಿಸು 12, ಅಂದರೆ 60. ಇದನ್ನು ಸರಿದೂಗಿಸಲು 4 ಅಡಿ ಮುಂದೆ, ಮೂಗಿನಲ್ಲಿ, 15 ಪೌಂಡ್ ಬೇಕು. ಐದು ಪೌಂಡಿನ ಚಕ್ರ ನಿಜದಲ್ಲಿ ಇಪ್ಪತ್ತು ಪೌಂಡಿನದ್ದಾಯಿತು. ವಿಮಾನಕ್ಕೆ ಸೇರಿಸುವ ಪ್ರತಿಯೊಂದಕ್ಕೂ ಈ ಗುಣಾಕಾರ ಮಾಡಿ. ಅರ್ಧ ಆಸೆಗಳು ಅಲ್ಲೇ ಕರಗುತ್ತವೆ.

ಏರ್ ಕ್ಯಾಂಪರ್‌ಗಳಿಗೆ ಬಾಲ ಭಾರವಾಗುವ ರೋಗ ಮಾಮೂಲು. ಭಾರದ ಫೋರ್ಡ್ ಇಂಜಿನ್ ತೆಗೆದು ಹಗುರವಾದ 65 ಅಶ್ವಶಕ್ತಿಯ ಕಾಂಟಿನೆಂಟಲ್ ಎ-65 ಹಾಕಿದವರಿಗೆ, ಪೈಲಟ್ ಸ್ವಲ್ಪ ದಪ್ಪ ಇದ್ದವರಿಗೆ, ಇದು ಕಾಡುತ್ತದೆ. ಪೈಲಟ್ ಕೂರುವುದು ಹಿಂದಿನ ಸೀಟಿನಲ್ಲಿ. ಬಾಲ ಭಾರವಾದ ವಿಮಾನದ ಅಪಾಯ ಏನೆಂದರೆ, ವೇಗ ಕಳೆದುಕೊಂಡಾಗ ಮೂಗು ಇಳಿಸಲು ಆಗುವುದಿಲ್ಲ.

ಎರಡು ಪರಿಹಾರಗಳಿವೆ. ಇಂಜಿನ್ ಮೌಂಟ್ ಉದ್ದ ಮಾಡಿ ಇಂಜಿನ್ನನ್ನು ಮುಂದೆ ತರುವುದು ಒಂದು. ಇನ್ನೊಂದು, ಕೊಡೆಯಂಥ ಈ ರೆಕ್ಕೆಯಿಂದಷ್ಟೇ ಸಾಧ್ಯವಾಗುವ ಉಪಾಯ: ರೆಕ್ಕೆಯನ್ನು ಹೊತ್ತಿರುವ ನಡುಗಂಬಗಳನ್ನು ಹಿಂದಕ್ಕೆ ವಾಲಿಸಿ ಇಡೀ ರೆಕ್ಕೆಯನ್ನೇ ಹಿಂದೆ ಸರಿಸುವುದು. 3 ಇಂಚು ಸರಿಸಿದರೆ ಪೂರ್ತಿ 3 ಇಂಚಿನ ಲಾಭ ಸಿಗುವುದಿಲ್ಲ. ರೆಕ್ಕೆಯ ತೂಕವೂ ಜೊತೆಗೆ ಹಿಂದೆ ಹೋಗುತ್ತದೆ. ಒಟ್ಟು 1000 ಪೌಂಡಿನಲ್ಲಿ ರೆಕ್ಕೆಯದು 150 ಅಂದುಕೊಂಡರೆ ಸುಮಾರು ಅರ್ಧ ಇಂಚು ಕಳೆದು, ಎರಡೂವರೆ ಇಂಚು ಕೈಗೆ ಸಿಗುತ್ತದೆ. ಆದರೂ ದೊಡ್ಡ ಲಾಭವೇ. ಕಂಬ ವಾಲಿಸಿದ ಮೇಲೆ ಪಕ್ಕದ ಕಂಬಗಳ ತುದಿ, ಅಡ್ಡ ತಂತಿಗಳು, ಏಲೆರಾನ್ ಕೇಬಲ್, ರೆಕ್ಕೆಯಲ್ಲಿ ಟ್ಯಾಂಕ್ ಇದ್ದರೆ ಅದರ ಪೈಪು, ಎಲ್ಲದರ ಉದ್ದವೂ ಬದಲಾಗುತ್ತದೆ. ಇದನ್ನು ಬಟ್ಟೆ ಹಾಕಿದ ಮೇಲೆ ನೆನಪಿಸಿಕೊಂಡವರನ್ನು ನೋಡಿದ್ದೇನೆ.

ಇಂಜಿನ್ ಬದಲಿಸುವಂಥದ್ದು ಕಾನೂನಿನ ಭಾಷೆಯಲ್ಲಿ ಮೇಜರ್ ಚೇಂಜ್. ಆಪರೇಟಿಂಗ್ ಲಿಮಿಟೇಷನ್ಸ್ ತೆಗೆದು ಓದಿ. ಸಾಮಾನ್ಯವಾಗಿ ಸ್ಥಳೀಯ ಎಫ್‌ಎಎ ಕಚೇರಿಗೆ ತಿಳಿಸಿ, ಕನಿಷ್ಠ 5 ಗಂಟೆ ಪರೀಕ್ಷಾ ಹಾರಾಟ ಮಾಡಿ ಲಾಗ್‌ನಲ್ಲಿ ಬರೆಯಬೇಕು ಅಂತ ಇರುತ್ತದೆ. ಆ ಹಾರಾಟಗಳಲ್ಲಿ ಹೆಂಡತಿ ಮಕ್ಕಳನ್ನು ಕೂರಿಸುವ ಹಾಗಿಲ್ಲ.

ಹಂತ 7: ಈಗ ಬಟ್ಟೆ

ಎಲ್ಲ ಮುಚ್ಚುವ ಮುಂಚೆ ಮೆಕ್ಯಾನಿಕ್‌ರನ್ನು ಕರೆಸಿ ತೋರಿಸಿ. ಇಎಎ, ಅಂದರೆ ಮನೆಯಲ್ಲಿ ವಿಮಾನ ಕಟ್ಟುವವರ ಸಂಘ, 1953ರಲ್ಲಿ ಶುರುವಾದದ್ದು. ಅದರ ಟೆಕ್ನಿಕಲ್ ಕೌನ್ಸಿಲರ್‌ಗಳು ಸ್ವಯಂಸೇವಕರಾಗಿ ಬಂದು ನೋಡಿ ಹೇಳುತ್ತಾರೆ. ಅವರನ್ನೂ ಕರೆಯಿರಿ. ಒಳಗಿನ ಪ್ರತಿ ಅಡಿಯನ್ನೂ ಫೋಟೋ ತೆಗೆದಿಡಿ.

ಈಗ ಬಳಸುವ ಬಟ್ಟೆ ಪಾಲಿಯೆಸ್ಟರ್. ಇದನ್ನು ಕಾಯಿಸಿದರೆ ಕುಗ್ಗಿ ಬಿಗಿಯಾಗುತ್ತದೆ. ಬಾರಿಸುವ ಮುಂಚೆ ತಮಟೆಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಾರಲ್ಲ, ಹಾಗೆ. ಬೆಂಕಿಯ ಬದಲು ಇಲ್ಲಿ ಇಸ್ತ್ರಿ ಪೆಟ್ಟಿಗೆ. ಪಾಲಿ-ಫೈಬರ್‌ನಂಥ ಒಂದು ಪದ್ಧತಿ ಆರಿಸಿಕೊಂಡು ಅದರ ಬಟ್ಟೆ, ಅಂಟು, ಬಣ್ಣ, ಕೈಪಿಡಿ ಎಲ್ಲವನ್ನೂ ಅದರಿಂದಲೇ ತಗೊಳ್ಳಿ. ಇದರ ಅಂಟು, ಅದರ ಬಣ್ಣ ಅಂತ ಬೆರೆಸಬೇಡಿ.

ಮೊದಲು ಪಟ್ಟಿ ಮರದಿಂದ ಎರಡಡಿಯ ಒಂದು ಚೌಕಟ್ಟು ಮಾಡಿ, ಅದರ ಮೇಲೆ ಶುರುವಿನಿಂದ ಬಣ್ಣದವರೆಗೂ ಎಲ್ಲ ಮಾಡಿ ನೋಡಿ. ಆಮೇಲೆ ರಡ್ಡರ್, ಆಮೇಲೆ ಬಾಲ, ಒಡಲು, ಕೊನೆಗೆ ರೆಕ್ಕೆ.

ಇಸ್ತ್ರಿ ಪೆಟ್ಟಿಗೆಯ ಬಿಸಿ: ಡಯಲ್ ಮೇಲೆ ಬರೆದ ನಂಬರನ್ನು ನಂಬಬೇಡಿ. ಥರ್ಮಾಮೀಟರ್ ಇಟ್ಟು ಅಳೆದು, ಡಯಲ್ ಮೇಲೆ ನಿಮ್ಮದೇ ಗುರುತು ಹಾಕಿ. ನಾನು ಇದನ್ನು ಮಾಡದೆ, ಮನೆಯ ಇಸ್ತ್ರಿ ಪೆಟ್ಟಿಗೆಯನ್ನು ಹಾಗೇ ತಗೊಂಡು ಹೋಗಿ ಒಂದು ಎಲಿವೇಟರ್‌ನ ಬಟ್ಟೆ ಹಾಳು ಮಾಡಿದೆ. ಮೊದಲು ಎಲ್ಲ ಕಡೆ 250 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಸುಕ್ಕು ತೆಗೆಯಿರಿ, ಆಮೇಲೆ ಹಂತಹಂತವಾಗಿ 350. ಅದರ ಮೇಲೆ ಹೋದರೆ ಬಟ್ಟೆ ಸಡಿಲವಾಗುತ್ತದೆ, ಮತ್ತೆ ಎಷ್ಟು ಕಾಯಿಸಿದರೂ ಬಿಗಿಯಾಗುವುದಿಲ್ಲ. ಒಂದು ಬದಿ ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋಗಬೇಡಿ. ಎರಡೂ ಬದಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಿ. ಇಲ್ಲದಿದ್ದರೆ ತೆಳ್ಳಗಿನ ರಡ್ಡರ್ ಹಪ್ಪಳದ ಹಾಗೆ ತಿರುಚಿಕೊಳ್ಳುತ್ತದೆ.

ಏರ್ ಕ್ಯಾಂಪರ್ ರೆಕ್ಕೆಯ ತಳ ಸ್ವಲ್ಪ ಒಳಕ್ಕೆ ಬಾಗಿದೆ. ಸುಮ್ನೆ ಬಟ್ಟೆ ಹೊದಿಸಿ ಬಿಗಿ ಮಾಡಿದರೆ ಅದು ರಿಬ್ ಬಿಟ್ಟು ನೇರ ಎಳೆದುಕೊಳ್ಳುತ್ತದೆ. ಬಿಗಿ ಮಾಡುವ ಮುಂಚೆಯೇ ತಳದ ಬಟ್ಟೆಯನ್ನು ಪ್ರತಿ ರಿಬ್‌ಗೂ ಅಂಟಿಸಿಕೊಳ್ಳಬೇಕು.

ರಿಬ್ ಹೊಲಿಗೆ: ಉದ್ದ ಸೂಜಿಯಿಂದ ಮೇಣ ಸವರಿದ ದಾರವನ್ನು ರೆಕ್ಕೆಯ ಮೇಲಿನಿಂದ ಕೆಳಕ್ಕೆ, ರಿಬ್ ಸುತ್ತಿ ಮತ್ತೆ ಮೇಲಕ್ಕೆ ತಂದು ಗಂಟು ಹಾಕುವುದು. ಹಾರುವಾಗ ರೆಕ್ಕೆಯ ಮೇಲಿನ ಬಟ್ಟೆಯನ್ನು ಗಾಳಿ ಮೇಲಕ್ಕೆ ಎಳೆಯುತ್ತಿರುತ್ತದೆ. ಅದನ್ನು ಹಿಡಿದಿಡುವುದು ಈ ದಾರ. ಪ್ರೊಪೆಲರ್ ಗಾಳಿ ಬಡಿಯುವ ಜಾಗದಲ್ಲಿ ಹೊಲಿಗೆಗಳ ನಡುವೆ ಎರಡೂವರೆ ಇಂಚು, ದೂರದ ರಿಬ್‌ಗಳಲ್ಲಿ ಕೈಪಿಡಿ ಹೇಳಿದಷ್ಟು. ಇಬ್ಬರು ಬೇಕು, ಮೇಲೊಬ್ಬರು, ಕೆಳಗೊಬ್ಬರು. ಹೂ ಕಟ್ಟಲು ಬರುವವರು ಮನೆಯಲ್ಲಿದ್ದರೆ ಕರೆಯಿರಿ. ಅವರ ಗಂಟುಗಳು ನಮ್ಮವಕ್ಕಿಂತ ಒಂದೇ ಸಮ ಬರುತ್ತವೆ.

ಹೊಲಿಗೆಯ ಮೇಲೆ ಟೇಪು, ತಪಾಸಣೆ ಕಿಂಡಿಗಳಿಗೆ ಪ್ಲಾಸ್ಟಿಕ್ ಬಳೆ, ಪ್ರತಿ ಖಾನೆಯ ತೀರ ಕೆಳಗಿನ ಮೂಲೆಯಲ್ಲಿ ನೀರು ಹೋಗುವ ತೂತು. ತೂತನ್ನು ಅಂಟಿಸಿ ಬಿಟ್ಟರೆ ಸಾಲದು, ಬಣ್ಣ ಹೊಡೆದ ಮೇಲೆ ಚುಚ್ಚಿ ತೆರೆಯಬೇಕು. ನಾಲ್ಕನೇ ಹಂತದಲ್ಲಿ ನೋಡಿದ ಕೊಳೆತ ಮೂಲೆಗಳಲ್ಲಿ ಎಷ್ಟೋ ಇದೊಂದು ಮರೆವಿನಿಂದ ಆದವು.

ಬೆಳ್ಳಿ ಬಣ್ಣದ ಪದರ: ಪಾಲಿಯೆಸ್ಟರ್‌ನ ಶತ್ರು ಬಿಸಿಲು. ಅಲ್ಯೂಮಿನಿಯಂ ಪುಡಿ ಬೆರೆತ ಈ ಪದರವೇ ಅದಕ್ಕೆ ಕೊಡೆ. ಮೇಲಿನ ಬಣ್ಣ ಬರೀ ಅಲಂಕಾರ. ರಾತ್ರಿ ಗ್ಯಾರೇಜ್ ಕತ್ತಲು ಮಾಡಿ, ರೆಕ್ಕೆಯೊಳಗೆ ಬಲ್ಬ್ ಇಳಿಸಿ ಹೊರಗಿನಿಂದ ನೋಡಿ. ಬೆಳಕು ಸೋರುವ ಕಡೆ ಇನ್ನೊಂದು ಕೋಟ್. ಹಾಗಂತ ಸುರಿಯಬೇಡಿ. ಬಣ್ಣಕ್ಕೂ ತೂಕ ಇದೆ. ಎಲಿವೇಟರ್, ರಡ್ಡರ್ ಹಿಂದಂಚಿನಲ್ಲಿ ಬಣ್ಣ ಜಾಸ್ತಿಯಾದರೆ ಅವು ವೇಗದಲ್ಲಿ ಪಟಪಟ ಬಡಿದುಕೊಳ್ಳುವ ಅಪಾಯ ಇದೆ. ಇದನ್ನು ಫ್ಲಟರ್ ಅಂತಾರೆ, ವಿಮಾನವನ್ನು ಮುರಿದು ಹಾಕುತ್ತದೆ. ಮರಕ್ಕೆ ಎಪಾಕ್ಸಿ ಅಂಟು ಹಾಕಿದ್ದರೆ ಕಡು ಬಣ್ಣ ಬೇಡ. ಬಿಸಿಲಿಗೆ ಕಾದರೆ ಅಂಟು ಮೆತ್ತಗಾಗುತ್ತದೆ.

ಎರಡು ಭಾಗದ ಪಾಲಿಯುರೆಥೇನ್ ಬಣ್ಣ ಹೊಡೆಯುವವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಉಸಿರಾಟಕ್ಕೆ ಅಪಾಯದ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಮಾಮೂಲು ಮಾಸ್ಕ್ ಅದಕ್ಕೆ ಆಗುವುದಿಲ್ಲ, ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಖಗವಸು ಬೇಕು. ಅದಿಲ್ಲದಿದ್ದರೆ ಆ ಬಣ್ಣವೇ ಬೇಡ.

ಹಂತ 8: ಜೋಡಣೆ, ತೂಕ, ಪೆಟ್ರೋಲ್

ಸ್ಟಿಕ್ ಹಿಡಿದು ಹೆಬ್ಬೆರಳು ನೆಟ್ಟಗೆ ಮೇಲೆ ಮಾಡಿ. ಸ್ಟಿಕ್ಕನ್ನು ಎಡಕ್ಕೆ ವಾಲಿಸಿ. ಹೆಬ್ಬೆರಳು ಯಾವ ಕಡೆ ತೋರಿಸುತ್ತದೋ ಆ ಕಡೆಯ ಏಲೆರಾನ್ ಮೇಲೆದ್ದಿರಬೇಕು. ನಗಬೇಡಿ. ಕೇಬಲ್ ಅದಲುಬದಲಾಗಿ ಜೋಡಿಸಿ, ನೆಲ ಬಿಟ್ಟ ಕೂಡಲೇ ಬಿದ್ದ ವಿಮಾನಗಳು ಎಷ್ಟೋ ಇವೆ. ನೀವು ನೋಡಿದ ಮೇಲೆ ಇನ್ನೊಬ್ಬರಿಂದಲೂ ನೋಡಿಸಿ.

ಹಾರುವ ಭಂಗಿಗೆ ಬಾಲ ಎತ್ತಿ ಸ್ಟ್ಯಾಂಡ್ ಮೇಲೆ ಇಟ್ಟು ಮೂರು ತಕ್ಕಡಿಗಳ ಮೇಲೆ ತೂಗಿ. ತೂಗುಗುಂಡು ಬಿಟ್ಟು ಚಕ್ರ, ರೆಕ್ಕೆಯ ಮುಂದಂಚುಗಳನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿ ಅಳೆಯಿರಿ. ಪೈಲಟ್ ಒಬ್ಬರೇ, ಇಬ್ಬರೂ, ಟ್ಯಾಂಕ್ ತುಂಬಿ, ಟ್ಯಾಂಕ್ ಖಾಲಿ, ನಾಲ್ಕೂ ಲೆಕ್ಕ ಹಾಕಿ.

ಪೆಟ್ರೋಲ್ ತಾನಾಗಿ ಇಳಿದು ಬರುವ ವ್ಯವಸ್ಥೆಯಾದರೆ, ಇಂಜಿನ್ನು ಪೂರ್ತಿ ಶಕ್ತಿಯಲ್ಲಿ ಕುಡಿಯುವುದರ ಒಂದೂವರೆ ಪಟ್ಟು ಹರಿಯಬೇಕು. ಎ-65 ಗಂಟೆಗೆ ಸುಮಾರು ಐದೂವರೆ ಗ್ಯಾಲನ್ ಕುಡಿಯುತ್ತದೆ. ಹಾಗಾಗಿ ಗಂಟೆಗೆ ಎಂಟೂಕಾಲು ಗ್ಯಾಲನ್, ಅಂದರೆ ಸುಮಾರು ಏಳೂಕಾಲು ನಿಮಿಷಕ್ಕೆ ಒಂದು ಗ್ಯಾಲನ್, ಕಾರ್ಬೊರೇಟರ್ ಹತ್ತಿರ ಕ್ಯಾನಿಗೆ ಬೀಳಬೇಕು. ಮೂಗನ್ನು ಮೇಲೇರುವಾಗಿನ ಕೋನಕ್ಕೆ ಎತ್ತಿ, ಟ್ಯಾಂಕಿನಲ್ಲಿ ಕಡಿಮೆ ಪೆಟ್ರೋಲ್ ಇಟ್ಟು ಅಳೆಯಿರಿ. ಕಡಿಮೆ ಬಂದರೆ ಮೊದಲು ಟ್ಯಾಂಕ್ ಮುಚ್ಚಳದ ಗಾಳಿತೂತು ನೋಡಿ. ಕಡಜ ಗೂಡು ಕಟ್ಟಿರುತ್ತದೆ.

ಹಂತ 9: ಮೊದಲ ಹಾರಾಟ ಮತ್ತು ಆಮೇಲೆ

ಇನ್‌ಸ್ಪೆಕ್ಷನ್ ಆಗಿ, ಲಾಗ್‌ಗೆ ಸಹಿ ಬಿದ್ದ ಮೇಲೆ, ಮೊದಲ ಸಲ ಹಾರಿಸುವವರು ನೀವೇ ಆಗಬೇಕಿಲ್ಲ. ಬಾಲಚಕ್ರದ ವಿಮಾನ ಹಾರಿಸಿ ಅಭ್ಯಾಸ ಇಲ್ಲದಿದ್ದರೆ ಖಂಡಿತ ಬೇಡ. ಜುಲೈನಲ್ಲಿ ಆಶ್‌ಕಾಶ್ ವಿಮಾನ ಮೇಳಕ್ಕೆ ಮುಂಚಿನ ವಾರಾಂತ್ಯ ವಿಸ್ಕಾನ್ಸಿನ್‌ನ ಬ್ರಾಡ್‌ಹೆಡ್‌ನಲ್ಲಿ ಪೀಟೆನ್‌ಪೋಲ್ ವಿಮಾನಗಳವರು ಸೇರುತ್ತಾರೆ. ಅಲ್ಲಿಗೆ ಹೋಗಿ ಮಾತಾಡಿ. ನಿಮ್ಮಂಥದ್ದೇ ವಿಮಾನವನ್ನು ನೂರಾರು ಗಂಟೆ ಹಾರಿಸಿದವರು ಸಿಗುತ್ತಾರೆ. ಕೊಳ್ಳುವ ಮುಂಚೆಯೇ ಹೋದರೆ ಇನ್ನೂ ಒಳ್ಳೆಯದು.

ಮೊದಲ ಗಂಟೆ ಹಾರಿ ಇಳಿದ ಮೇಲೆ ಪ್ರೊಪೆಲರ್ ಬೋಲ್ಟುಗಳ ಬಿಗಿಯನ್ನು ಟಾರ್ಕ್ ರೆಂಚಿನಿಂದ ನೋಡಿ. ಮರದ ಪ್ರೊಪೆಲರ್ ಒಣಗಿದರೆ ಕುಗ್ಗುತ್ತದೆ, ತೇವಕ್ಕೆ ಉಬ್ಬುತ್ತದೆ. ಬೇಸಿಗೆಯಲ್ಲಿ ಬಿಗಿದ ಬೋಲ್ಟು ಚಳಿಗಾಲದ ಒಣ ಹವೆಗೆ ಸಡಿಲವಾಗಿರುತ್ತದೆ. ಋತು ಬದಲಾದಾಗಲೆಲ್ಲ ಮತ್ತೆ ನೋಡಬೇಕು. ಸ್ಪಾರ್‌ಗೆ ಹೊಸ ಮರ ಹಾಕಿದ್ದರೆ ಅಲ್ಲಿನ ಬೋಲ್ಟುಗಳನ್ನೂ ಹತ್ತು ಗಂಟೆಯ ಹಾರಾಟದ ನಂತರ ಕಿಂಡಿ ತೆರೆದು ನೋಡಿ. ನಾನು ಈ ದಿನಾಂಕಗಳನ್ನು ಹ್ಯಾಂಗರ್ ಬಾಗಿಲ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ.